ಬೇಟೆ ಕೋವಿ ಮನೆಗಾವಲಿಗೆ ಬಂದ ಬಗೆ

ಹಕ್ಕಿ ಹೊಡೆಯುವ ಕೋವಿಗೂ ಮನೆ ಕಾಯುವ ಕೋವಿಗೂ ಒಳಗಿನ ಯಂತ್ರದಲ್ಲಿ ಅಂಥ ವ್ಯತ್ಯಾಸವೇನಿಲ್ಲ. ಎರಡರಲ್ಲೂ ಒಳಮೈ ನುಣುಪಾದ ನಳಿಗೆ, ಒಂದೇ ಅಳತೆಯ ತೋಟಾ, ಭುಜಕ್ಕೆ ಒರಗಿಸುವ ಮರದ ಹಿಡಿ. ಅವು ಬೇರೆಯಾಗುವುದು ಮುಖ್ಯವಾಗಿ ಉದ್ದದಲ್ಲಿ. ಹಾರುವ ಬಾತುಕೋಳಿಯ ಬೆನ್ನು ಹಿಡಿದು ಕೋವಿ ತಿರುಗಿಸುವ ಶಿಕಾರಿಯವನಿಗೆ 28 ಅಥವಾ 30 ಇಂಚಿನ ನಳಿಗೆ ಅನುಕೂಲ. ಮುಂದಿನ ತೂಕವೇ ಕೈಯನ್ನು ನಡುಗದಂತೆ ಒಯ್ಯುತ್ತದೆ. ಬಾಗಿಲು, ಮೆಟ್ಟಿಲು, ಮಂಚಗಳ ನಡುವೆ ಅದೇ ನಳಿಗೆ ಗೋಡೆಗೆ ತಗಲುತ್ತದೆ. ಶಿಕಾರಿ ನಿಂತ ಮೇಲೆ ಮೂಲೆ ಸೇರಿದ ಕೋವಿಯನ್ನು ಮೊಟಕು ಮಾಡಿ ಕಾವಲಿಗೆ ಇಟ್ಟುಕೊಳ್ಳುವ ರೂಢಿ ಹಲವು ದೇಶಗಳಲ್ಲಿ ಇತ್ತಾದರೂ, ಅದು ಒಂದು ಕಸುಬಾಗಿ, ಆಮೇಲೆ ಒಂದು ಉದ್ಯಮವಾಗಿ ಬೆಳೆದದ್ದು ಅಮೆರಿಕದಲ್ಲಿ. ನಳಿಗೆಯ ಆ ಕೆಲವು ಇಂಚುಗಳಿಗಾಗಿ ಅಲ್ಲಿ ಕಾರ್ಖಾನೆಗಳು ನಡೆದವು, ಶಾಸನ ಹುಟ್ಟಿತು, ಸುಪ್ರೀಂ ಕೋರ್ಟಿನವರೆಗೆ ವ್ಯಾಜ್ಯವೂ ಹೋಯಿತು.

ವಸಾಹತು ಕಾಲದ ಅಮೆರಿಕದ ಮನೆಯಲ್ಲಿ ಮಾರ್ಪಾಡಿನ ಪ್ರಶ್ನೆಯೇ ಇರಲಿಲ್ಲ. ಒಂದೇ ಚಕಮಕಿ ಕೋವಿ ಎರಡೂ ಕೆಲಸ ಮಾಡುತ್ತಿತ್ತು. ಹಕ್ಕಿಗೆಂದು ಮಾಡಿಸಿದ ಕೋವಿಗಳ ನಳಿಗೆ ನಾಲ್ಕು ಅಡಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಉದ್ದ. ಕರಿಮದ್ದು ನಿಧಾನವಾಗಿ ಉರಿಯುತ್ತದೆ, ನಳಿಗೆ ಉದ್ದವಾದಷ್ಟೂ ಈಡು ಬಿರುಸಾಗುತ್ತದೆ ಎಂಬುದು ಆಗಿನ ನಂಬಿಕೆ. ನಂಬಿಕೆಯಲ್ಲಿ ಸ್ವಲ್ಪ ಸತ್ಯವಿತ್ತು, ನಾಲ್ಕು ಅಡಿಯಷ್ಟು ಇರಲಿಲ್ಲ. ಬೆಳಿಗ್ಗೆ ಚರೆ ಎಂಬ ಸಣ್ಣ ಗುಂಡುಗಳನ್ನು ತುಂಬಿ ಪಾರಿವಾಳಕ್ಕೆ ಹೋದ ಕೋವಿಗೆ ರಾತ್ರಿ ಒಂದು ದಪ್ಪ ಗುಂಡು ಜಡಿದರೆ ಅದೇ ಕಾವಲಿನ ಕೋವಿ. ಸ್ವಾತಂತ್ರ್ಯ ಬಂದ ಮೇಲೆ 1792ರ ಸೇನಾದಳ ಕಾಯಿದೆ 18ರಿಂದ 45 ವಯಸ್ಸಿನ ಬಿಳಿಯ ಗಂಡಸರೆಲ್ಲ ಸ್ವಂತ ಖರ್ಚಿನಲ್ಲಿ ಬಂದೂಕು ಹೊಂದಿರಬೇಕೆಂದು ಹೇಳಿತು. ಊರ ಬಯಲಿನ ಕವಾಯತಿಗೆ ಎಷ್ಟೋ ಜನ ತಂದದ್ದು ಮಾತ್ರ ಹಕ್ಕಿಕೋವಿಯನ್ನೇ.

ಮೊಟಕು ಕೋವಿಯೆಂದರೆ ಕಾವಲಿನ ಕೋವಿ ಎಂಬ ಎಣಿಕೆಗೆ ಬೇರು ಯುರೋಪಿನ ಗಾಡಿರಸ್ತೆಗಳಲ್ಲಿದೆ. ಡಚ್ಚರ ಮೂಲಕ ಇಂಗ್ಲೆಂಡಿಗೆ ಬಂದ ಬ್ಲಂಡರ್‌ಬಸ್ ಎಂಬ ಗಿಡ್ಡ ಕೋವಿಯ ಬಾಯಿ ತುತ್ತೂರಿಯಂತೆ ಅಗಲ. 1784ರ ಆಗಸ್ಟ್ 2ರಂದು ಬ್ರಿಸ್ಟಲ್‌ನಿಂದ ಲಂಡನ್ನಿಗೆ ಮೊದಲ ಟಪಾಲು ಸಾರೋಟು ಹೊರಟ ಮೇಲೆ ಅದರ ಕಾವಲುಗಾರನಿಗೆ ಅಂಚೆ ಇಲಾಖೆ ಕೊಟ್ಟದ್ದು ಒಂದು ಬ್ಲಂಡರ್‌ಬಸ್, ಒಂದು ಜೊತೆ ಪಿಸ್ತೂಲು. ಅಗಲ ಬಾಯಿಯಿಂದ ಗುಂಡು ಅಗಲಕ್ಕೆ ಚದರುತ್ತದೆಂದು ದರೋಡೆಕೋರರೂ ಪ್ರಯಾಣಿಕರೂ ಒಂದೇ ರೀತಿ ನಂಬಿದ್ದರು. ಹಾರಿಸಿ ನೋಡಿದವರಿಗೆ ಅಂಥದ್ದೇನೂ ಕಾಣಲಿಲ್ಲ. ಕುಲುಕುವ ಗಾಡಿಯ ಮೇಲೆ ಕೂತು ಮದ್ದು ಸುರಿಯುವುದಕ್ಕೆ ಆ ಬಾಯಿ ಅನುಕೂಲವಾಗಿತ್ತು, ಅಷ್ಟೆ. ಮೊಟಕು ಕೋವಿಯ ಸುತ್ತ ಇವತ್ತಿಗೂ ಸುತ್ತುತ್ತಿರುವ ತಪ್ಪು ನಂಬಿಕೆಗಳಲ್ಲಿ ಇದು ಹಿರಿಯದು.

ಕಾವಲಿಗೆ ಇನ್ನೊಂದು ದಾರಿಯೂ ಇತ್ತು. ಕೋವಿಯನ್ನು ತೋಟದ ಗಿಡಕ್ಕೋ ಗೂಟಕ್ಕೋ ಕಟ್ಟಿ, ಟ್ರಿಗರ್‌ಗೆ ತಂತಿ ಎಳೆದು ಬಿಟ್ಟು ಯಜಮಾನ ಮಲಗಿಬಿಡುತ್ತಿದ್ದ. ಇಂಗ್ಲೆಂಡಿನ ಜಮೀನ್ದಾರರು ತಮ್ಮ ಕಾಡಿಗೆ ಕದ್ದು ನುಗ್ಗುವ ಬೇಟೆಗಾರರ ಮೇಲೆ ಇದನ್ನು ಧಾರಾಳವಾಗಿ ಪ್ರಯೋಗಿಸಿದರು. ತಂತಿಗೆ ಕಳ್ಳನ ಕಾಲೂ ಒಂದೇ, ದನ ಹುಡುಕಿಕೊಂಡು ಬಂದ ಹುಡುಗನ ಕಾಲೂ ಒಂದೇ. 1827ರಲ್ಲಿ ಪಾರ್ಲಿಮೆಂಟು ಇದನ್ನು ನಿಷೇಧಿಸಿತು. ಆದರೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ವಾಸದ ಮನೆಯೊಳಗೆ ಹೂಡುವುದಕ್ಕೆ ಮಾತ್ರ ವಿನಾಯಿತಿ ಉಳಿಸಿತು. ಕಾಡಿಗೆ ಒಂದು ನ್ಯಾಯ, ಮನೆಗೆ ಇನ್ನೊಂದು ಎಂಬ ಭೇದ ಶಾಸನದಲ್ಲಿ ಇಷ್ಟು ಸ್ಪಷ್ಟವಾಗಿ ಬರೆಯಲ್ಪಟ್ಟಿರುವುದು ಅಪರೂಪ.

19ನೇ ಶತಮಾನದಲ್ಲಿ ಕೋವಿಯನ್ನು ಬದಲಾಯಿಸಿದವರು ಹೆಚ್ಚಿನಂಶ ಶಿಕಾರಿಯ ಮೋಹದವರು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಊರಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್‌ಗೆ ಚಕಮಕಿಯ ಕಿಡಿ ಕಂಡೊಡನೆ ಬಾತುಗಳು ತಪ್ಪಿಸಿಕೊಳ್ಳುವುದೇ ತಲೆನೋವಾಗಿತ್ತು. ಬಡಿತಕ್ಕೆ ಸಿಡಿಯುವ ರಾಸಾಯನಿಕವನ್ನು ಬಳಸಿ ಆತ 1807ರಲ್ಲಿ ಹಕ್ಕುಪತ್ರ ಪಡೆದ. ಕೇಪಿನ ಕೋವಿಯ ವಂಶ ಅಲ್ಲಿಂದ ಶುರು. 1830ರ ದಶಕದಲ್ಲಿ ಫ್ರಾನ್ಸಿನ ಕಾಸಿಮಿರ್ ಲೆಫೋಷೋ ಹಿಂಬದಿಯಿಂದ ತೋಟಾ ತುಂಬುವ, ಮಧ್ಯಕ್ಕೆ ಮಡಿಸುವ ಕೋವಿಯನ್ನು ಬಳಕೆಗೆ ತಂದ. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ಆನ್ಸನ್ ಮತ್ತು ಡೀಲಿ ಎಂಬ ಇಬ್ಬರು ಕುದುರೆ ಎಂಬ ಹೊರಗಿನ ಸುತ್ತಿಗೆಯನ್ನು ತೆಗೆದು ಯಂತ್ರವನ್ನು ಒಳಗೆ ಅಡಗಿಸಿದರು. ಜೋಡಿನಳಿಗೆ ಕೋವಿ ಇವತ್ತು ಹೇಗಿದೆಯೋ ಆಗಲೇ ಹಾಗಾಯಿತು. 12 ಬೋರ್ ಎಂಬ ಅಳತೆ ಇನ್ನೂ ಹಳೆಯದು: ಒಂದು ಪೌಂಡ್ ಸೀಸದಿಂದ ಒಂದೇ ಗಾತ್ರದ 12 ಗುಂಡು ಎರಕ ಹೊಯ್ದರೆ ಒಂದೊಂದೂ ಎಷ್ಟು ದಪ್ಪವೋ ನಳಿಗೆಯ ಒಳಗಲವೂ ಅಷ್ಟು, ಅಂದರೆ ಸುಮಾರು 18.5 ಮಿಲಿಮೀಟರ್.

ಮನೆಗಾವಲಿನ ಕಥೆಗೆ ಇವೆಲ್ಲಕ್ಕಿಂತ ಹತ್ತಿರದ್ದು ಚೋಕ್. ನಳಿಗೆಯ ತುದಿಯ ಒಂದೆರಡು ಇಂಚನ್ನು ಒಳಗಿನಿಂದ ಕೂದಲೆಳೆಯಷ್ಟು ಕಿರಿದು ಮಾಡಿದರೆ ಚರೆಗಳು ಬೇಗ ಚದರದೆ ಗುಂಪಾಗಿ ದೂರ ಹೋಗುತ್ತವೆ. ಇಂಗ್ಲೆಂಡಿನ ಪೇಪ್ ಎಂಬ ಕೋವಿಗಾರ 1866ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ. 1870ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಗ್ರೀನರ್ ಇದನ್ನು ಮನೆಮಾತಾಗಿಸಿದ. ನಲವತ್ತು ಗಜ ಎತ್ತರದ ಬಾತನ್ನು ಉರುಳಿಸಲು ಹುಟ್ಟಿದ ಉಪಾಯ ಇದು. ಕಾವಲಿಗೆಂದು ನಳಿಗೆಯ ತುದಿ ಕೊಯ್ದವನು ಮೊದಲು ಕಳೆದುಕೊಳ್ಳುತ್ತಿದ್ದದ್ದು ಇದನ್ನೇ. ಕುಶಲ ಕೋವಿಗಾರ ದಿನಗಟ್ಟಲೆ ಕೂತು ಹೊಂದಿಸಿದ ಕೆಲಸ ಗರಗಸದ ಹತ್ತು ನಿಮಿಷಕ್ಕೆ ನೆಲಕ್ಕೆ ಬೀಳುತ್ತಿತ್ತು.

ಗರಗಸ ಹಿಡಿಯಲು ಅಮೆರಿಕದವರಿಗೆ ಮೊದಲ ದೊಡ್ಡ ನೆಪವಾದದ್ದು ಅಂತರ್ಯುದ್ಧ. 1861ರಲ್ಲಿ ದಕ್ಷಿಣದ ರಾಜ್ಯಗಳ ಬಳಿ ಸೇನಾ ಬಂದೂಕು ಸಾಲದಾಗಿ, ಕುದುರೆ ಸವಾರರು ಮನೆಯ ಜೋಡಿನಳಿಗೆ ಕೋವಿಯನ್ನೇ ತೆಗೆದುಕೊಂಡು ಹೊರಟರು. ಟೆರಿಯ ರೇಂಜರ್‌ಗಳೆಂದು ಹೆಸರಾದ ಟೆಕ್ಸಸ್‌ನ 8ನೇ ಅಶ್ವದಳ ಈ ಕೋವಿಗೆ ಪ್ರಸಿದ್ಧ. ಜೀನಿನ ಮೇಲೆ ಉದ್ದ ನಳಿಗೆ ತೊಡಕೆಂದು ಅದನ್ನು ಕತ್ತರಿಸಿಕೊಳ್ಳುವುದು ಸಾಮಾನ್ಯವಾಯಿತು. ಯುದ್ಧ ಮುಗಿದ ಮೇಲೆ ಅವೇ ಕೋವಿಗಳು ಪಶ್ಚಿಮದ ರಸ್ತೆಗಳಿಗೆ ಬಂದವು. 1852ರಲ್ಲಿ ಹುಟ್ಟಿದ ವೆಲ್ಸ್ ಫಾರ್ಗೋ ಕಂಪನಿ ಚಿನ್ನದ ಪೆಟ್ಟಿಗೆಯ ಜೊತೆ ಸಾರೋಟಿನಲ್ಲಿ ಕೂರಿಸುತ್ತಿದ್ದ ಕಾವಲುಗಾರನ ತೊಡೆಯ ಮೇಲೆ ಗಿಡ್ಡ ನಳಿಗೆಯ ಜೋಡಿ ಕೋವಿ ಇರುತ್ತಿತ್ತು. ಎದುರು ಪಕ್ಷದ ಕೈಯಲ್ಲೂ ಇದ್ದದ್ದು ಅದೇ. 1875ರಿಂದ 1883ರವರೆಗೆ ಕ್ಯಾಲಿಫೋರ್ನಿಯದ ಸಾರೋಟುಗಳನ್ನು ಅಡ್ಡಗಟ್ಟಿದ ಬ್ಲ್ಯಾಕ್ ಬಾರ್ಟ್ ಎಂಬಾತ ಜೋಡಿನಳಿಗೆ ಕೋವಿ ತೋರಿಸಿಯೇ ಪೆಟ್ಟಿಗೆ ಇಳಿಸಿಕೊಂಡು ಕಾಲ್ನಡಿಗೆಯಲ್ಲಿ ಹೋಗಿಬಿಡುತ್ತಿದ್ದ. ಹಾರಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಅರಿಜೋನಾದ ಟೂಂಬ್‌ಸ್ಟೋನ್ ಊರಿನಲ್ಲಿ 1881ರ ಅಕ್ಟೋಬರ್ 26ರ ಮಧ್ಯಾಹ್ನ ನಡೆದ ಗುಂಡಿನ ಕಾಳಗದಲ್ಲಿ ಜೂಜುಗಾರ ಡಾಕ್ ಹಾಲಿಡೇ ತನ್ನ ಉದ್ದ ಕೋಟಿನೊಳಗೆ ಮರೆಮಾಡಿಕೊಂಡು ಹೋದದ್ದೂ ಇಂಥದೇ ಒಂದು ಗಿಡ್ಡ ಕೋವಿ. ಕೋಟಿನೊಳಗೆ ಹಿಡಿಸುವ ಕೋವಿ ಎಂಬ ಗುಣವೇ ಐವತ್ತು ವರ್ಷದ ಮೇಲೆ ಶಾಸನಕಾರರ ಕಣ್ಣು ಕೆಂಪಾಗಿಸಿತು.

ಈ ಹೊತ್ತಿಗೆ ಅಗ್ಗದ ಕೋವಿ ಮನೆಮನೆಗೆ ಬಂದಿತ್ತು. ಬೆಲ್ಜಿಯಂನ ಲಿಯೇಜ್ ಪಟ್ಟಣದಿಂದ ಹಡಗುಗಟ್ಟಲೆ ಜೋಡಿನಳಿಗೆಗಳು ಇಳಿಯುತ್ತಿದ್ದವು, ಸಿಯರ್ಸ್ ಕಂಪನಿಯ ಪಟ್ಟಿ ನೋಡಿ ಅಂಚೆಯಲ್ಲೇ ತರಿಸಬಹುದಿತ್ತು. ಕೋಳಿಗೂಡಿಗೆ ಬರುವ ನರಿಗೆ, ಭಾನುವಾರದ ಮೊಲಕ್ಕೆ, ರಾತ್ರಿ ಬಾಗಿಲು ಬಡಿದ ಅಪರಿಚಿತನಿಗೆ ಎಲ್ಲಕ್ಕೂ ಅಡುಗೆಮನೆ ಬಾಗಿಲ ಹಿಂದಿನ ಆ ಒಂದೇ ಕೋವಿ. ಹಾಗೆ ಉಳಿದು ಬಂದ ಹಳೆಯ ಕೋವಿಗಳಲ್ಲಿ ಒಂದು ಕಾಣದ ಅಪಾಯವೂ ಕೂತಿತ್ತು. 19ನೇ ಶತಮಾನದ ಬಹಳಷ್ಟು ನಳಿಗೆಗಳು ಡಮಾಸ್ಕಸ್ ಬಗೆಯವು: ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಗೊಳಿಸಿ, ಸಲಾಕೆಯ ಸುತ್ತ ಸುತ್ತಿ, ಕಾಯಿಸಿ ಬಡಿದು ಬೆಸೆದವು. ತಿಕ್ಕಿ ಆಮ್ಲ ಹಚ್ಚಿದರೆ ಮೈಮೇಲೆ ಅಲೆಅಲೆಯ ಚಿತ್ತಾರ ಏಳುತ್ತದೆ. ನೋಡಲು ಬಲು ಚೆಂದ. ಕರಿಮದ್ದಿನ ಒತ್ತಡಕ್ಕೆ ಅವು ಸಾಕಿದ್ದವು. 1890ರ ದಶಕದಲ್ಲಿ ಹೊಗೆಯಿಲ್ಲದ ಮದ್ದಿನ ತೋಟಾ ಸಾಮಾನ್ಯವಾದಾಗ ಒತ್ತಡದ ಬಗೆಯೇ ಬದಲಾಯಿತು. ಬೆಸುಗೆಯ ಸಂದಿಯಲ್ಲಿ ನೂರು ವರ್ಷದ ತುಕ್ಕು ಹಿಡಿದ ನಳಿಗೆ ಹೊಸ ತೋಟಾಗೆ ಒಡೆದರೆ, ಒಡೆಯುವುದು ಹಾರಿಸಿದವನ ಎಡಗೈ ಬೆರಳುಗಳ ಪಕ್ಕದಲ್ಲಿ. ತೋಟಾ ಕೂರುವ ಕೋಣೆಯೂ ಹಳೆಯ ಕೋವಿಗಳಲ್ಲಿ ಕಿರಿದು, ಈಗಿನ ಎರಡೂಮುಕ್ಕಾಲು ಇಂಚಿನ ತೋಟಾ ಬಿಚ್ಚಿಕೊಳ್ಳಲು ಜಾಗ ಸಾಲದು. ಅಜ್ಜನ ಕೋವಿಯನ್ನು ಕಾವಲಿಗೆ ಎಬ್ಬಿಸುವ ಮುನ್ನ ಅದನ್ನು ಬಲ್ಲವರಿಗೆ ತೋರಿಸಬೇಕೆಂದು ಕೋವಿಗಾರರು ನೂರು ವರ್ಷದಿಂದ ಹೇಳುತ್ತ ಬಂದಿರುವುದು ಸುಮ್ಮನೆ ಅಲ್ಲ. ಅಂಥ ಎಷ್ಟೋ ಕೋವಿಗಳಿಗೆ ಗೋಡೆಯ ಮೊಳೆಯೇ ಸರಿಯಾದ ಜಾಗ.

ಮಾರ್ಪಾಡಿಗೆ ಅಧಿಕೃತ ಮುದ್ರೆ ಬಿದ್ದದ್ದು ಮೊದಲ ಮಹಾಯುದ್ಧದಲ್ಲಿ. ವಿಂಚೆಸ್ಟರ್ ಕಂಪನಿಯ 1897ರ ಪಂಪ್ ಕೋವಿ ಜಾನ್ ಬ್ರೌನಿಂಗ್ ರೂಪಿಸಿದ ಅಪ್ಪಟ ಬೇಟೆ ಕೋವಿ; ಮುಂಗೈ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ದೂಡಿದರೆ ಸಿಡಿದ ತೋಟಾ ಹೊರಬಿದ್ದು ಹೊಸತು ಒಳಸೇರುತ್ತದೆ. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಇದೇ ಕೋವಿಗೆ 20 ಇಂಚಿನ ನಳಿಗೆ ತೊಡಿಸಿ, ಕಾದ ನಳಿಗೆ ಕೈ ಸುಡದಂತೆ ತೂತುತೂತಿನ ತಗಡಿನ ಕವಚ ಹಾಕಿ, ತುದಿಗೆ ಸಂಗೀನು ಸಿಕ್ಕಿಸುವ ಕೊಂಡಿ ಜೋಡಿಸಿದರು. ಪ್ರತಿ ತೋಟಾದಲ್ಲಿ ಬಟಾಣಿಯಷ್ಟು ದಪ್ಪನೆಯ 9 ಗುಂಡು. ಫ್ರಾನ್ಸಿನ ಕಂದಕಗಳ ಕೆಸರಿನಲ್ಲಿ ಕಾಗದದ ತೋಟಾ ನೆನೆದು ಉಬ್ಬಿ ಕೋವಿಯೊಳಕ್ಕೆ ಹೋಗದಾದಾಗ ಹಿತ್ತಾಳೆಯ ತೋಟಾ ಮಾಡಿಸಬೇಕಾಯಿತು. 1918ರ ಸೆಪ್ಟೆಂಬರ್ 19ರಂದು ಜರ್ಮನಿ ಪ್ರತಿಭಟನೆ ಸಲ್ಲಿಸಿತು: ಈ ಕೋವಿ ಹೇಗ್ ಒಪ್ಪಂದಕ್ಕೆ ವಿರುದ್ಧ, ಅನಗತ್ಯ ಯಾತನೆ ಕೊಡುವಂಥದ್ದು, ಇದರೊಡನೆ ಸಿಕ್ಕಿಬಿದ್ದವರ ತಲೆದಂಡ ತಪ್ಪದು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ರಾಬರ್ಟ್ ಲ್ಯಾನ್ಸಿಂಗ್ ಒಂಬತ್ತೇ ದಿನದಲ್ಲಿ ಅದನ್ನು ತಳ್ಳಿಹಾಕಿ, ಒಬ್ಬನನ್ನು ಕೊಂದರೂ ಸೇಡು ತೀರಿಸುವುದಾಗಿ ಉತ್ತರಿಸಿದ. ವಿಷಾನಿಲ ಬಿಟ್ಟ ದೇಶವೊಂದು ಹಕ್ಕಿಕೋವಿಯ ಕ್ರೌರ್ಯದ ಬಗ್ಗೆ ದೂರು ಕೊಟ್ಟದ್ದು ಆ ಯುದ್ಧದ ವಿಚಿತ್ರಗಳಲ್ಲಿ ಒಂದು. ಯುದ್ಧದ ನಂತರ 20 ಇಂಚು ನಳಿಗೆಯ ಪಂಪ್ ಕೋವಿ ಪೊಲೀಸರ, ಜೈಲುಗಳ, ಬ್ಯಾಂಕುಗಳ ಸಾಮಗ್ರಿಯಾಯಿತು.

ಮನೆಯ ಮಾತನ್ನು ನೇರವಾಗಿ ಆಡಿದ್ದು ನ್ಯೂಯಾರ್ಕ್ ರಾಜ್ಯದ ಇಥಾಕ ಕಂಪನಿ. 1922ರಲ್ಲಿ ಅದು ತನ್ನ 20 ಬೋರಿನ ಜೋಡಿನಳಿಗೆ ಬೇಟೆ ಕೋವಿಯ ನಳಿಗೆಯನ್ನು ಹತ್ತು ಇಂಚಿಗೆ ಇಳಿಸಿ, ಭುಜದ ಹಿಡಿ ತೆಗೆದು ಪಿಸ್ತೂಲಿನ ಹಿಡಿ ಕೂರಿಸಿ ಮಾರಿತು. ಹೆಸರಲ್ಲೇ ಉದ್ದೇಶವಿತ್ತು: 'ಆಟೋ ಅಂಡ್ ಬರ್ಗ್ಲರ್' ಅಂದರೆ ಮೋಟಾರಿನಲ್ಲಿ ಹೋಗುವವನಿಗೂ ಕನ್ನಗಳ್ಳನನ್ನು ಎದುರಿಸುವವನಿಗೂ. ಹತ್ತು ಹನ್ನೊಂದು ವರ್ಷದಲ್ಲಿ ಸುಮಾರು 4,500 ತಯಾರಾದವು. ಹಳ್ಳಿಯ ಕಮ್ಮಾರ ಗರಗಸದಿಂದ ಮಾಡುತ್ತಿದ್ದ ಕೆಲಸವನ್ನೇ ಕಾರ್ಖಾನೆ ಪಾಲಿಶ್ ಹಾಕಿ, ಚರ್ಮದ ಚೀಲದೊಂದಿಗೆ ಕೊಡುವುದಕ್ಕೆ ಶುರುಮಾಡಿತ್ತು.

ಅದೇ ವರ್ಷಗಳು ಪಾನನಿರೋಧದವು. ಕಳ್ಳಭಟ್ಟಿಯ ಗುಂಪುಗಳು, ಬ್ಯಾಂಕು ದರೋಡೆಕೋರರು ಗಿಡ್ಡ ಕೋವಿಯನ್ನು ತಮ್ಮ ಗುರುತಾಗಿಸಿಕೊಂಡರು. ಬಾನಿ ಪಾರ್ಕರ್, ಕ್ಲೈಡ್ ಬ್ಯಾರೊ ಎಂಬ ದರೋಡೆಕೋರ ಜೋಡಿಯ ಬಳಿ ಕತ್ತರಿಸಿದ ಕೋವಿಗಳಿದ್ದವು. 1934ರ ಮೇ 23ರಂದು ಅವರಿಬ್ಬರೂ ಲೂಸಿಯಾನಾದಲ್ಲಿ ಪೊಲೀಸರ ಗುಂಡಿಗೆ ಸತ್ತರು. ತಿಂಗಳೊಂದು ಕಳೆದ ಮೇಲೆ, ಜೂನ್ 26ರಂದು, ರಾಷ್ಟ್ರೀಯ ಬಂದೂಕು ಕಾಯಿದೆಗೆ ಸಹಿ ಬಿತ್ತು. 18 ಇಂಚಿಗಿಂತ ಕಿರಿದಾದ ನಳಿಗೆಯ ಕೋವಿಯನ್ನು ಅದು ಮೆಷಿನ್‌ಗನ್ನಿನ ಸಾಲಿನಲ್ಲಿ ನಿಲ್ಲಿಸಿತು: ನೋಂದಣಿ ಕಡ್ಡಾಯ, ಕೈ ಬದಲಾದಾಗಲೆಲ್ಲ 200 ಡಾಲರ್ ತೆರಿಗೆ. ನಲವತ್ತು ಡಾಲರ್ ಆಸುಪಾಸಿನ ಇಥಾಕ ಕೋವಿಯನ್ನು ಇನ್ನಾರು ಕೊಳ್ಳುತ್ತಾರೆ? ತಯಾರಿಕೆ ನಿಂತುಹೋಯಿತು. ಈ ಕಾಯಿದೆಯ ಹಿಂದೆ ಇನ್ನೊಂದು ಲೆಕ್ಕವಿತ್ತು. ಮೂಲ ಕರಡಿನಲ್ಲಿ ಪಿಸ್ತೂಲು, ರಿವಾಲ್ವರುಗಳೂ ಸೇರಿದ್ದವು. ಅವಕ್ಕೆ ತೆರಿಗೆ ಹಾಕಿದರೆ ಜನ ಉದ್ದ ಕೋವಿಯನ್ನು ಕತ್ತರಿಸಿ ಪಿಸ್ತೂಲು ಮಾಡಿಕೊಂಡಾರೆಂದು ಗಿಡ್ಡ ಕೋವಿಯ ಮಾತು ಬಂದಿತ್ತು. ವಿರೋಧ ಬಂದು ಪಿಸ್ತೂಲನ್ನು ಕೈಬಿಟ್ಟರು, ಗಿಡ್ಡ ಕೋವಿ ಮಾತ್ರ ಉಳಿಯಿತು. ಬಾಗಿಲಿಲ್ಲದ ಗೋಡೆಗೆ ಬೀಗ ಹಾಕಿದಂತೆ ಕಾಣುವ ಈ ನಿಯಮ ಅಲ್ಲಿಂದ ಮುಂದೆ ಬೇಟೆ ಕೋವಿಯನ್ನು ಮಾರ್ಪಡಿಸುವ ಪ್ರತಿಯೊಬ್ಬನ ಅಳತೆಪಟ್ಟಿಯಾಯಿತು.

ನಿಯಮ ಬೇಗನೆ ಪರೀಕ್ಷೆಗೆ ಬಂತು. 1938ರ ಏಪ್ರಿಲ್‌ನಲ್ಲಿ ಒಕ್ಲಹೋಮದ ಕ್ಲೇರ್‌ಮೋರ್‌ನಿಂದ ಅರ್ಕಾನ್ಸಾಸ್‌ಗೆ ನೋಂದಣಿಯಿಲ್ಲದ, 18 ಇಂಚಿಗಿಂತ ಗಿಡ್ಡನೆಯ ಸ್ಟೀವನ್ಸ್ ಜೋಡಿನಳಿಗೆಯನ್ನು ಸಾಗಿಸಿದ ಜಾಕ್ ಮಿಲ್ಲರ್ ಮತ್ತು ಅವನ ಸಂಗಾತಿ ಸಿಕ್ಕಿಬಿದ್ದರು. ಕೆಳ ನ್ಯಾಯಾಲಯ ಕಾಯಿದೆಯು, ಸುವ್ಯವಸ್ಥಿತ ಸೇನಾದಳದ ಅಗತ್ಯ ಹೇಳಿ ಜನರ ಶಸ್ತ್ರದ ಹಕ್ಕನ್ನು ಕಾಯುವ ಸಂವಿಧಾನದ ಎರಡನೇ ತಿದ್ದುಪಡಿಗೆ ವಿರುದ್ಧವೆಂದು ಆರೋಪವನ್ನೇ ವಜಾ ಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಆರೋಪಿಗಳ ಪರವಾಗಿ ಒಬ್ಬ ವಕೀಲನೂ ಹಾಜರಾಗಲಿಲ್ಲ. ತೀರ್ಪು ಬರುವ ಮೊದಲೇ ಮಿಲ್ಲರ್ ಯಾರದೋ ಗುಂಡಿಗೆ ಬಲಿಯಾಗಿದ್ದ. 1939ರ ಮೇ 15ರಂದು ನ್ಯಾಯಾಲಯ, ಇಂಥ ಗಿಡ್ಡ ಕೋವಿಗೂ ಸುವ್ಯವಸ್ಥಿತ ಸೇನಾದಳಕ್ಕೂ ಸಂಬಂಧವಿದೆಯೆಂದು ತೋರಿಸುವ ಸಾಕ್ಷ್ಯ ತನ್ನ ಮುಂದಿಲ್ಲವೆಂದು ಹೇಳಿ ಕಾಯಿದೆಯನ್ನು ಎತ್ತಿಹಿಡಿಯಿತು. ಕಂದಕದ ಕೋವಿಯ ನೆನಪು ಮಾಡಿಕೊಡಲು ಎದುರು ಪಕ್ಷದಲ್ಲಿ ಯಾರೂ ಇರಲಿಲ್ಲ. ಆ ಕೋವಿಯ ನಳಿಗೆ 20 ಇಂಚಿದ್ದುದರಿಂದ, ಯಾರಾದರೂ ಇದ್ದಿದ್ದರೂ ವಾದ ನಿಲ್ಲುತ್ತಿತ್ತೋ ಇಲ್ಲವೋ.

ಗೆರೆ ಎಲ್ಲಿ ಎಳೆಯಬೇಕೆಂಬುದರಲ್ಲಿ ದೇಶಗಳು ಒಮ್ಮತಕ್ಕೆ ಬಂದಿಲ್ಲ. ಬ್ರಿಟನ್ನಿನ ಈಗಿನ ಕಾನೂನಿನಲ್ಲಿ ಕೋವಿಯ ನಳಿಗೆಯನ್ನು 24 ಇಂಚಿಗಿಂತ ಕಿರಿದು ಮಾಡುವುದು ಅಪರಾಧ. ಕೆನಡಾದಲ್ಲಿ ಕಾರ್ಖಾನೆಯೇ ಗಿಡ್ಡ ನಳಿಗೆಯಿಂದ ಮಾಡಿದ ಪಂಪ್ ಕೋವಿ ನಡೆಯುತ್ತದೆ, ಉದ್ದ ನಳಿಗೆಯನ್ನು ಕೊಯ್ದು 457 ಮಿಲಿಮೀಟರಿಗಿಂತ ಕೆಳಗೆ ಇಳಿಸಿದರೆ ಅದು ನಿಷಿದ್ಧ ಅಸ್ತ್ರ. ಅಲ್ಲಿ ತಪ್ಪು ಉದ್ದದಲ್ಲಿಲ್ಲ, ಗರಗಸದಲ್ಲಿದೆ. ಭಾರತದ 1959ರ ಆಯುಧ ಕಾಯಿದೆಯ 6ನೇ ಕಲಮು ಪ್ರತ್ಯೇಕ ಪರವಾನಗಿ ಇಲ್ಲದೆ ಯಾರೂ ನಳಿಗೆ ಮೊಟಕು ಮಾಡಬಾರದೆನ್ನುತ್ತದೆ. 13ನೇ ಕಲಮು ಸ್ವರಕ್ಷಣೆ ಅಥವಾ ಕ್ರೀಡೆಗೆ ಪರವಾನಗಿ ಕೊಡುವಾಗ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನು ಹೆಸರಿಸುತ್ತದೆ. ಬೆಳೆ ರಕ್ಷಣೆಗಾದರೆ ಮೂತಿಯಿಂದ ಮದ್ದು ಜಡಿಯುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಕೋವಿ. ಮಲೆನಾಡಿನ ಮನೆಗಳಲ್ಲಿ ಕೇಪಿನ ಕೋವಿ ಇಷ್ಟು ಕಾಲ ಉಳಿದದ್ದರಲ್ಲಿ ಈ ಕಲಮಿನ ಪಾಲೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ 1991ರ ತಿದ್ದುಪಡಿ ಬಂದ ಮೇಲೆ ಇಲ್ಲಿ ಶಿಕಾರಿಗೆಂದು ಕೋವಿ ಎತ್ತುವ ಹಾಗಿಲ್ಲ. ಕೋವಿ ಮನೆಯಲ್ಲೇ ಉಳಿಯಿತು, ಪರವಾನಗಿಯ ಪುಸ್ತಕದಲ್ಲಿ ಅದರ ಕೆಲಸ ಬೆಳೆ ಕಾಯುವುದೋ ಪ್ರಾಣ ಕಾಯುವುದೋ ಆಯಿತು. ಅಮೆರಿಕದವನು ಗರಗಸದಿಂದ ಮಾಡಿದ ಮಾರ್ಪಾಡನ್ನು ಇಲ್ಲಿ ಕಾಗದವೇ ಮಾಡಿತು. ಕೊಡಗಿನ ಕೊಡವರಿಗೆ ಮತ್ತು ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೆ 1861ರಿಂದಲೂ ಪರವಾನಗಿಯಿಂದ ವಿನಾಯಿತಿ ಇದೆ. ಈಗಿನ ಅಧಿಸೂಚನೆ 2029ರ ಅಕ್ಟೋಬರ್‌ವರೆಗೆ ನಡೆಯುತ್ತದೆ, 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತದಂದು ಕೋವಿಗಳನ್ನು ಒರೆಸಿ ಸಾಲಾಗಿಟ್ಟು, ನಳಿಗೆಯ ಬಾಯಿಗೆ ಕೆಂಪು ಹಳದಿಯ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜಿಸುವ ಮನೆಯಲ್ಲಿ ನಳಿಗೆ ಕೊಯ್ಯುವ ಯೋಚನೆಗೆ ಎಡೆಯೆಲ್ಲಿ?

ಎರಡನೇ ಮಹಾಯುದ್ಧದಲ್ಲಿ ಬೇಟೆ ಕೋವಿ ಇಡೀ ಒಂದು ದೇಶದ ಮನೆಗಾವಲಿಗೆ ನಿಂತ ಸಂದರ್ಭವೂ ಬಂತು. 1940ರ ಮೇ 14ರಂದು ಯುದ್ಧ ಸಚಿವ ಆಂಥೊನಿ ಈಡನ್ ರೇಡಿಯೊದಲ್ಲಿ ಕರೆ ಕೊಟ್ಟ ಮೇಲೆ ಬ್ರಿಟನ್ನಿನಲ್ಲಿ ಲಕ್ಷಾಂತರ ಸ್ವಯಂಸೇವಕರು ಮುಂದೆ ಹೋಮ್ ಗಾರ್ಡ್ ಎನಿಸಿದ ದಳಕ್ಕೆ ಸೇರಿದರು. ಕೆಲವೇ ವಾರಗಳಲ್ಲಿ ಸೈನ್ಯ ತನ್ನ ಬಹಳಷ್ಟು ಶಸ್ತ್ರಗಳನ್ನು ಫ್ರಾನ್ಸಿನ ಡನ್ಕರ್ಕಿನ ಮರಳಲ್ಲಿ ಬಿಟ್ಟು ಬಂತು. ರೈತರು ಕಾಗೆ ಹೊಡೆಯುವ ಕೋವಿ ತಂದರು. ಚರೆಯ ಬದಲು ಒಂದೇ ದಪ್ಪ ಗುಂಡಿನ 12 ಬೋರ್ ತೋಟಾಗಳನ್ನು ಸರ್ಕಾರ ಹಂಚಿತು. ಅಮೆರಿಕದಲ್ಲಿ ಬ್ರಿಟಿಷ್ ಮನೆಗಳ ರಕ್ಷಣೆಗೆಂದೇ ಒಂದು ಸಮಿತಿ ಹುಟ್ಟಿ, ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಜನರ ಬೇಟೆ ಕೋವಿ, ಪಿಸ್ತೂಲು, ದುರ್ಬೀನುಗಳನ್ನು ದಾನವಾಗಿ ಸಂಗ್ರಹಿಸಿ ಹಡಗಿಗೆ ಏರಿಸಿತು. ಜರ್ಮನರು ಬರಲಿಲ್ಲ. ಆ ಕೋವಿಗಳಲ್ಲಿ ಹೆಚ್ಚಿನವು ರಾತ್ರಿ ಪಹರೆಯಲ್ಲೇ ಯುದ್ಧ ಮುಗಿಸಿದವು.

1950ರಲ್ಲಿ ರೆಮಿಂಗ್ಟನ್ ಕಂಪನಿ 870 ಎಂಬ ಪಂಪ್ ಕೋವಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಮಾರ್ಪಾಡಿನ ಕಸುಬನ್ನು ಅದು ತಲೆಕೆಳಗು ಮಾಡಿತು. ಅದರ ನಳಿಗೆಗಳನ್ನು ಒಂದೇ ಅಳತೆಗೆ ತಯಾರಿಸಿದ್ದರಿಂದ, ಮುಂದಿನ ತಿರುಪು ಬಿಚ್ಚಿ ಒಂದನ್ನು ತೆಗೆದು ಇನ್ನೊಂದನ್ನು ಹಾಕಲು ಕೋವಿಗಾರನೇ ಬೇಕಿರಲಿಲ್ಲ. ನವೆಂಬರಿನಲ್ಲಿ ಬಾತು ಹೊಡೆದ 28 ಇಂಚಿನ ನಳಿಗೆಯನ್ನು ಒರೆಸಿ ಎತ್ತಿಟ್ಟು, 18 ಇಂಚಿನದನ್ನು ತೊಡಿಸಿ, ಮುಂದಿನ ಹಂಗಾಮಿನಲ್ಲಿ ಮತ್ತೆ ಬದಲಾಯಿಸಬಹುದು. 1960ರ ದಶಕದ ಆರಂಭದಲ್ಲಿ ಬಂದ ಮೋಸ್‌ಬರ್ಗ್ 500 ಇದನ್ನೇ ಇನ್ನೂ ಅಗ್ಗಕ್ಕೆ ಕೊಟ್ಟಿತು. ಒಂದೇ ಪೆಟ್ಟಿಗೆಯಲ್ಲಿ ಹೊಲದ ನಳಿಗೆ, ಮನೆಯ ನಳಿಗೆ ಎರಡನ್ನೂ ಇಟ್ಟು ಮಾರುವ ರೂಢಿಯೂ ಬಂತು. ಕಾನೂನಿನ ಗೆರೆ 18 ಇಂಚು, ಮೋಸ್‌ಬರ್ಗ್‌ನ ಕಾವಲು ನಳಿಗೆ ಸಾಮಾನ್ಯವಾಗಿ ಹದಿನೆಂಟೂವರೆ. ಆ ಅರ್ಧ ಇಂಚು ಅಳೆಯುವಾಗಿನ ಹೆಚ್ಚುಕಮ್ಮಿಯಿಂದ ಜೈಲಿಗೆ ಹೋಗದಿರಲಿ ಎಂದು ಬಿಟ್ಟ ಅಂಚು. 2009ರ ಹೊತ್ತಿಗೆ 870ರ ಮಾದರಿಯೊಂದೇ ಒಂದು ಕೋಟಿ ತಯಾರಾಗಿತ್ತು.

ಇಂಥ ಕೋವಿಯನ್ನು ಬಿಚ್ಚಿದರೆ ತೋಟಾ ತುಂಬುವ ಕೊಳವೆಯಿಂದ ಒಂದು ಮರದ ಕಡ್ಡಿ ಹೊರಬರುತ್ತದೆ. ಅಮೆರಿಕದಲ್ಲಿ 1935ರಿಂದ ವಲಸೆ ಹಕ್ಕಿಗಳ ಬೇಟೆಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಕೋವಿಯಲ್ಲಿರಬಾರದೆಂಬ ನಿಯಮವಿದೆ. ಬರಗಾಲದಲ್ಲಿ ಕುಸಿದ ಬಾತುಗಳ ಸಂಖ್ಯೆಯನ್ನು ಉಳಿಸಲು ಮಾಡಿದ್ದು. ಕೊಳವೆಯಲ್ಲಿ ಎರಡೇ ಹಿಡಿಸಲೆಂದು ಆ ಕಡ್ಡಿ. ಬಾತನ್ನು ಕಾಪಾಡುವ ಕಡ್ಡಿಯನ್ನು ತೆಗೆದಿಡುವುದೇ ಮನೆಗಾವಲಿನ ಮಾರ್ಪಾಡಿನ ಮೊದಲ ಹೆಜ್ಜೆಯಾಗಿ ಬಂದಿದೆ. ಆಮೇಲೆ ಹಿಡಿಯನ್ನು ಮೊಟಕು ಮಾಡುವುದು, ಕೊಳವೆಗೆ ಉದ್ದ ಜೋಡಿಸುವುದು, ದೀಪ ಸಿಕ್ಕಿಸುವುದು ಬಂದವು. 1967ರ ಬೇಸಿಗೆಯಲ್ಲಿ ಡೆಟ್ರಾಯಿಟ್ ಮುಂತಾದ ನಗರಗಳು ಹೊತ್ತಿ ಉರಿದಾಗ ಕೋವಿಯ ಮಾರಾಟ ಏರಿತು. 1968ರ ಕಾಯಿದೆ ರಾಜ್ಯದಿಂದ ರಾಜ್ಯಕ್ಕೆ ಅಂಚೆಯಲ್ಲಿ ಕೋವಿ ತರಿಸುವುದನ್ನು ನಿಲ್ಲಿಸಿತು.

ಅದೇ 1967ರಲ್ಲಿ ಅಯೋವಾ ರಾಜ್ಯದ ಒಂದು ಪಾಳು ತೋಟದ ಮನೆಯಲ್ಲಿ ಹಳೆಯ ಕೋವಿಯೊಂದು ಕಾನೂನು ಕಾಲೇಜುಗಳ ಪಠ್ಯಕ್ಕೆ ಸೇರುವಂಥ ಕೆಲಸ ಮಾಡಿತು. ಪದೇಪದೇ ಕಳ್ಳತನವಾಗಿ ಬೇಸತ್ತ ಮಾಲೀಕ 20 ಬೋರಿನ ಕೋವಿಯನ್ನು ಮಲಗುವ ಕೋಣೆಯ ಕಬ್ಬಿಣದ ಮಂಚಕ್ಕೆ ಬಿಗಿದು, ಟ್ರಿಗರಿನಿಂದ ಬಾಗಿಲ ಗುಬುಟಿಗೆ ತಂತಿ ಎಳೆದ. ಮೊದಲು ಹೊಟ್ಟೆಯ ಎತ್ತರಕ್ಕೆ ಗುರಿಯಿಟ್ಟಿದ್ದನ್ನು ಹೆಂಡತಿಯ ಮಾತಿನಂತೆ ಕಾಲಿನ ಎತ್ತರಕ್ಕೆ ಇಳಿಸಿದ. ಹಳೆಯ ಶೀಶೆ, ಹಣ್ಣಿನ ಭರಣಿಗಳ ಆಸೆಗೆ ಒಳಹೊಕ್ಕ ಒಬ್ಬನ ಕಾಲು ಛಿದ್ರವಾಯಿತು. ಅವನಿಗೆ ಸಣ್ಣ ಕಳವಿಗಾಗಿ ಶಿಕ್ಷೆಯೂ ಆಯಿತು. ಆದರೆ ಅವನು ಹೂಡಿದ ದಾವೆಯಲ್ಲಿ 1971ರ ಫೆಬ್ರವರಿಯಲ್ಲಿ ಅಯೋವಾ ಸುಪ್ರೀಂ ಕೋರ್ಟು ಮಾಲೀಕ 30,000 ಡಾಲರ್ ಕೊಡಬೇಕೆಂಬ ತೀರ್ಪನ್ನು ಕಾಯಂ ಮಾಡಿತು. ಯಾರೂ ವಾಸವಿಲ್ಲದ ಮನೆಯ ಸಾಮಾನಿಗಾಗಿ ಪ್ರಾಣಕ್ಕೆ ಎರವಾಗುವ ಬಲ ಬಳಸುವಂತಿಲ್ಲ ಎಂಬುದು ಅದರ ಸಾರ. ಪರಿಹಾರ ಕೊಡಲು ಮಾಲೀಕ ಜಮೀನು ಮಾರಬೇಕಾಯಿತು.

ಮನೆಗಾವಲಿನ ಕೋವಿಯ ಬಗ್ಗೆ ಜನ ಹೇಳುವುದರಲ್ಲಿ ಬಹುಪಾಲು ಬ್ಲಂಡರ್‌ಬಸ್ ಕಾಲದ ಮಾತೇ. ಗುರಿ ಬೇಡ, ಕೋಣೆಯ ಕಡೆಗೆ ತಿರುಗಿಸಿದರೆ ಸಾಕು ಎನ್ನುತ್ತಾರೆ. ಚೋಕ್ ಇಲ್ಲದ ನಳಿಗೆಯಿಂದಲೂ ಚರೆ ಹರಡುವುದು ಒಂದು ಗಜಕ್ಕೆ ಸುಮಾರು ಒಂದು ಇಂಚು. ಕೋಣೆಯ ಆ ಕೊನೆ ತಲುಪುವಾಗ ಅದು ಇನ್ನೂ ಮುಷ್ಟಿಯಷ್ಟು ಅಗಲ. ತಪ್ಪಿದ ದಪ್ಪ ಗುಂಡು ಅಮೆರಿಕದ ಮನೆಗಳ ಜಿಪ್ಸಂ ಹಲಗೆಯ ಗೋಡೆಯನ್ನು ತೂರಿ ಪಕ್ಕದ ಕೋಣೆಗೆ ಹೋಗುತ್ತದೆ, ಅಲ್ಲಿ ಮಕ್ಕಳು ಮಲಗಿರಬಹುದು. ಪಂಪ್ ಎಳೆದ ಸದ್ದಿಗೇ ಕಳ್ಳ ಓಡುತ್ತಾನೆಂಬುದು ಇನ್ನೊಂದು. 2013ರ ಫೆಬ್ರವರಿಯಲ್ಲಿ ಆಗಿನ ಉಪಾಧ್ಯಕ್ಷ ಜೋ ಬೈಡನ್, ಮನೆ ಕಾಯಲು ಜೋಡಿನಳಿಗೆ ಕೋವಿ ಕೊಳ್ಳಿ, ತೊಂದರೆಯಾದರೆ ಹೊರಗೆ ಬಂದು ಎರಡು ಈಡು ಹಾರಿಸಲು ಹೆಂಡತಿಗೆ ಹೇಳಿದ್ದೇನೆ ಎಂದಾಗ ಕೋವಿಪರರೂ ವಿರೋಧಿಗಳೂ ಒಟ್ಟಿಗೆ ಹುಬ್ಬೇರಿಸಿದರು. ಗಾಳಿಯಲ್ಲಿ ಗುಂಡು ಹಾರಿಸುವುದು ಅಲ್ಲಿ ಬಹಳಷ್ಟು ಕಡೆ ಅಪರಾಧ, ಎರಡು ಈಡಿನ ನಂತರ ಜೋಡಿನಳಿಗೆ ಖಾಲಿ.

ಬೇಟೆಯಿಂದ ಕಾವಲಿಗೆ ಕೋವಿ ಸರಿದದ್ದು ಅಮೆರಿಕದ ಸಮೀಕ್ಷೆಗಳಲ್ಲೂ ಕಾಣುತ್ತದೆ. ಬಂದೂಕು ಇಟ್ಟುಕೊಳ್ಳಲು ಮುಖ್ಯ ಕಾರಣವೇನೆಂದು 1999ರಲ್ಲಿ ಕೇಳಿದಾಗ ಮಾಲೀಕರಲ್ಲಿ ಶೇಕಡ 49 ಮಂದಿ ಬೇಟೆ ಎಂದರು, ಶೇಕಡ 26 ಮಂದಿ ರಕ್ಷಣೆ ಎಂದರು. 2013ರಲ್ಲಿ ಪ್ಯೂ ಸಂಸ್ಥೆ ಅದೇ ಪ್ರಶ್ನೆ ಕೇಳಿದಾಗ ರಕ್ಷಣೆ 48, ಬೇಟೆ 32. ರಕ್ಷಣೆಯ ಲೆಕ್ಕ ಮಾತ್ರ ಸರಳವಲ್ಲ. 1993ರಲ್ಲಿ ಸಂಶೋಧಕ ಆರ್ಥರ್ ಕೆಲ್ಲರ್‌ಮನ್ ಮತ್ತು ಸಂಗಡಿಗರು ಮೂರು ಜಿಲ್ಲೆಗಳ ಕೊಲೆ ಪ್ರಕರಣಗಳನ್ನು ಪರಿಶೀಲಿಸಿ, ಬಂದೂಕು ಇರುವ ಮನೆಯಲ್ಲಿ ಕೊಲೆಯ ಅಪಾಯ 2.7 ಪಟ್ಟು ಎಂದು ಪ್ರಕಟಿಸಿದರು. ಅಪಾಯವಿರುವವರೇ ಬಂದೂಕು ಇಟ್ಟುಕೊಂಡಿರಬಾರದೇಕೆ ಎಂಬ ಆಕ್ಷೇಪ ಅಂದಿನಿಂದ ನಡೆದಿದೆ. ಅಮೆರಿಕದ ಬಂದೂಕು ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ.

2008ರ ಜೂನ್ 26ರಂದು ಸುಪ್ರೀಂ ಕೋರ್ಟು ಹೆಲ್ಲರ್ ಮೊಕದ್ದಮೆಯಲ್ಲಿ, ಮನೆಯಲ್ಲಿ ಸ್ವರಕ್ಷಣೆಗೆ ಬಂದೂಕು ಇಡುವುದು ವ್ಯಕ್ತಿಯ ಹಕ್ಕು ಎಂದು ಹೇಳಿತು. ರಾಜಧಾನಿ ವಾಷಿಂಗ್ಟನ್ನಿನಲ್ಲಿ ಅಲ್ಲಿಯವರೆಗೆ ಕೋವಿಯನ್ನು ಬಿಚ್ಚಿ ಅಥವಾ ಟ್ರಿಗರಿಗೆ ಬೀಗ ಹಾಕಿಯೇ ಇಡಬೇಕಿತ್ತು. ಆ ನಿಯಮ ಬಿದ್ದುಹೋಯಿತು. 1939ರ ಮಿಲ್ಲರ್ ತೀರ್ಪನ್ನು ನ್ಯಾಯಾಲಯ ರದ್ದು ಮಾಡಲಿಲ್ಲ, ಗಿಡ್ಡ ಕೋವಿ ಕಾನೂನು ಪಾಲಿಸುವ ಜನ ಸಾಮಾನ್ಯವಾಗಿ ಬಳಸುವ ಅಸ್ತ್ರವಲ್ಲ ಎಂದು ಅದಕ್ಕೆ ಹೊಸ ಅರ್ಥ ಕೊಟ್ಟಿತು. ಎಪ್ಪತ್ತು ವರ್ಷದ ತೆರಿಗೆಯೇ ಅದನ್ನು ಅಸಾಮಾನ್ಯ ಮಾಡಿತ್ತೆಂಬ ಮಾತು ತೀರ್ಪಿನಲ್ಲಿ ಬರಲಿಲ್ಲ. 1934ರಿಂದ ಒಂದು ಸೆಂಟೂ ಏರದಿದ್ದ ಆ 200 ಡಾಲರ್ ತೆರಿಗೆಯನ್ನು 2025ರ ಜುಲೈ 4ರಂದು ಸಹಿಯಾದ ಕಾಯಿದೆ ಗಿಡ್ಡ ಕೋವಿಯ ಮಟ್ಟಿಗೆ ಸೊನ್ನೆಗೆ ಇಳಿಸಿತು. 2026ರ ಜನವರಿ 1ರಿಂದ ಅದು ಜಾರಿ. ನೋಂದಣಿ, ಬೆರಳಚ್ಚು, ಮುಂಚಿತ ಅನುಮತಿ ಉಳಿದಿವೆ. ಅಳತೆಯೂ 18 ಇಂಚಿನಲ್ಲೇ ಇದೆ.